18 ಲಕ್ಷ ಇದೆ: ಊರಲ್ಲಿ ಆಪರೇಷನ್ ಶಿಬಿರ ಮಾಡೋದಾ, ಅಲ್ಲಿನ ಡಾಕ್ಟರ ಕೈಗೇ ಕೊಡೋದಾ?

ಡೊಂಬಿವ್ಲಿ ಸ್ಲೋ ಲೋಕಲ್

ನಮಸ್ಕಾರ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ನಮ್ಮದು ಡೊಂಬಿವ್ಲಿಯ ಸಣ್ಣ ಕನ್ನಡ ಸಂಘ. ರಾಜ್ಯೋತ್ಸವ, ಹತ್ತನೇ ಕ್ಲಾಸಿನ ಮಕ್ಕಳಿಗೆ ಬಹುಮಾನ, ವರ್ಷಕ್ಕೊಂದು ಪಿಕ್‌ನಿಕ್. ಅಷ್ಟೇ ನಮ್ಮ ಪ್ರಪಂಚ. ಹೋದ ವರ್ಷ ಹಿರಿಯ ಸದಸ್ಯರೊಬ್ಬರು ತೀರಿಕೊಂಡರು. ಮಕ್ಕಳಿರಲಿಲ್ಲ. ಉಯಿಲಿನಲ್ಲಿ ಸಂಘಕ್ಕೆ 18 ಲಕ್ಷ ಬರೆದಿದ್ದಾರೆ. ಷರತ್ತು ಒಂದೇ: ತಮ್ಮ ಊರಿನ ಕಡೆ ಬಡವರ ಆಪರೇಷನ್ನಿಗೆ ಬಳಸಬೇಕು. ಊರು ವಿಜಯಪುರ ಜಿಲ್ಲೆಯಲ್ಲಿದೆ. ಅವರ ತಂಗಿ ಚೊಚ್ಚಲ ಹೆರಿಗೆಗೆ ಎತ್ತಿನ ಗಾಡಿಯಲ್ಲಿ ಹೋಗುವಾಗ ದಾರಿಯಲ್ಲೇ ಹೋಗಿಬಿಟ್ಟಿದ್ದರಂತೆ. ಆ ಕತೆ ನಮಗೆಲ್ಲ ನೂರು ಸಲ ಹೇಳಿದ್ದರು.

ಈಗ ಸಮಿತಿಯಲ್ಲಿ ಎರಡು ಪಾರ್ಟಿ. ಒಂದು ಪಾರ್ಟಿ, ಮುಂಬೈಯಿಂದ ಸರ್ಜನ್‌ಗಳನ್ನು ಕರೆದುಕೊಂಡು ಹೋಗಿ ಮೂರು ದಿನದ ಶಿಬಿರ ಮಾಡೋಣ, 150 ಆಪರೇಷನ್ ಆಗುತ್ತೆ ಅನ್ನುತ್ತದೆ. ಹರ್ನಿಯಾ, ಹೈಡ್ರೋಸಿಲ್, ಗರ್ಭಕೋಶ. ಇನ್ನೊಂದು ಪಾರ್ಟಿ (ನಾನು ಮತ್ತು ಇನ್ನೊಬ್ಬರು, ಅಷ್ಟೇ) ತಾಲೂಕು ಆಸ್ಪತ್ರೆಯಲ್ಲಿ ಈಗಾಗಲೇ ಒಬ್ಬ ಸರ್ಜನ್ ಇದ್ದಾರಲ್ಲ, ಅವರನ್ನೇ ಏನು ಬೇಕು ಅಂತ ಕೇಳೋಣ ಅನ್ನುತ್ತದೆ.

ಭಾನುವಾರ ಮೀಟಿಂಗ್. ತಿಳಿದವರು ಹೇಳಿ.

ಮಾಟುಂಗಾ ಮಾಣಿ

ಇದರಲ್ಲಿ ತಲೆ ಕೆಡಿಸಿಕೊಳ್ಳೋಕೆ ಏನಿದೆ ಮಾರಾಯ್ರೆ? ಶಿಬಿರ ಮಾಡಿ. 150 ಜನ ಗುಣವಾಗಿ ಮನೆಗೆ ಹೋಗುತ್ತಾರೆ, ಸತ್ತವರ ಆತ್ಮಕ್ಕೂ ಶಾಂತಿ. ಸರ್ಕಾರಿ ಆಸ್ಪತ್ರೆಗೆ ಕೊಟ್ಟರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಬಾಂಬೋಳಿ ಅಕ್ಕ

ಗರ್ಭಕೋಶವನ್ನು ಶಿಬಿರದಲ್ಲಿ ತೆಗೆಯೋದಾ? ಅದೊಂದನ್ನು ಮೊದಲು ಪಟ್ಟಿಯಿಂದ ಹೊಡೆದುಹಾಕಿ. ಸಾಲಾಗಿ ನಿಲ್ಲಿಸಿ ತೆಗೆಯೋಕೆ ಅದೇನು ಹಲ್ಲಾ? ಉಳಿದದ್ದು ಆಮೇಲೆ ಮಾತಾಡೋಣ, ಡ್ಯೂಟಿಗೆ ಹೊತ್ತಾಯಿತು.

ಪುಣೆ ಮಂಪರು

ನಾನು ಅನಸ್ತೇಶಿಯಾ ಡಾಕ್ಟರ್. 19 ವರ್ಷದಿಂದ ಪುಣೆಯಲ್ಲಿದ್ದೇನೆ. ಇಂಥ ಏಳೆಂಟು ಶಿಬಿರಗಳಿಗೆ ಹೋಗಿದ್ದೇನೆ. ಹೋಗಬಾರದಿತ್ತು ಅಂತ ಹೇಳುತ್ತಿಲ್ಲ. ಆದರೆ ಒಂದು ಘಟನೆ ಹೇಳುತ್ತೇನೆ.

ಒಂದು ಶಿಬಿರದಲ್ಲಿ ಎರಡು ದಿನದಲ್ಲಿ 60 ಚಿಲ್ಲರೆ ಕೇಸು ಮುಗಿಸಿದೆವು. ಕೊನೇ ದಿನ ಸಂಜೆ ಶಾಲು, ಹಾರ, ಗ್ರೂಪ್ ಫೋಟೋ. ರಾತ್ರಿಯೇ ಗಾಡಿ ಹತ್ತಿದೆವು. ನಾಲ್ಕನೇ ದಿನ ಅಲ್ಲಿನ ಡಾಕ್ಟರ ಫೋನ್ ಬಂತು. ಒಬ್ಬ ಹರ್ನಿಯಾ ಪೇಷಂಟಿಗೆ ಒಳಗೇ ರಕ್ತ ಕಟ್ಟಿ ಊದಿಕೊಂಡಿದೆ. ಏನು ಮಾಡಿದಿರಿ, ಮೆಶ್ (ಹರ್ನಿಯಾ ಜಾಗಕ್ಕೆ ಒಳಗಿಂದ ಹಾಕುವ ಬಲೆ) ಹಾಕಿದಿರಾ, ಯಾವ ಔಷಧ ಕೊಟ್ಟಿರಿ ಅಂತ ಕೇಳಿದರು. ಕೇಸ್ ಶೀಟ್ ನೋಡಿ ಅಂದೆ. ಎಲ್ಲಿದೆ ಕೇಸ್ ಶೀಟ್? ನಮ್ಮ ಗಾಡಿಯ ಡಿಕ್ಕಿಯಲ್ಲಿ. ಬ್ಯಾನರ್ ಜೊತೆ ಸುತ್ತಿಕೊಂಡು ಪುಣೆಗೆ ಬಂದುಬಿಟ್ಟಿತ್ತು.

ಪೇಷಂಟ್ ಉಳಿದ. ಉಳಿಸಿದ್ದು ಆ ಡಾಕ್ಟರು. ಫೋಟೋದಲ್ಲಿ ಅವರು ಮೂಲೆಯಲ್ಲಿದ್ದಾರೆ, ಅರ್ಧ ಮುಖ ಕತ್ತರಿಸಿಹೋಗಿದೆ.

ಜ್ವಾಳದ ರೊಟ್ಟಿ

ಆ ಡಿಕ್ಕಿಯ ಮಾತು ಓದಿ ಎದೆ ಝಲ್ ಅಂತು ಡಾಕ್ಟ್ರೇ.

ನಾನು ಅದೇ ಜಿಲ್ಲೆಯವನು, ಈಗ ಹಡಪ್ಸರಿನಲ್ಲಿದ್ದೇನೆ. ನಮ್ಮ ಅಜ್ಜನ ಕಾಲದಲ್ಲಿ ದೊಡ್ಡ ಆಪರೇಷನ್ ಅಂದರೆ ಮಿರಜ್. ಅಮೆರಿಕದಿಂದ ಬಂದ ವಾನ್ಲೆಸ್ ಡಾಕ್ಟರು 1894ರಲ್ಲಿ ಶುರು ಮಾಡಿದ ಮಿಷನ್ ಆಸ್ಪತ್ರೆ. ದುಡ್ಡು ಹೊರಗಿನದೇ. ಆದರೆ ಆ ಮನುಷ್ಯ ಮೂರು ದಿನ ಕೊಯ್ದು ಹಡಗು ಹತ್ತಲಿಲ್ಲ. ದಶಕಗಟ್ಟಲೆ ಅಲ್ಲೇ ಕೂತರು, ಇಲ್ಲಿನ ಹುಡುಗರಿಗೆ ಕಲಿಸಿದರು. ಅದಕ್ಕೇ ಅಜ್ಜ "ಮಿರಜಿಗೆ ಒಯ್ಯಿರಿ" ಅನ್ನುತ್ತಿದ್ದದ್ದು. "ವಾನ್ಲೆಸ್ ಬಂದಾಗ ಹೇಳಿ" ಅನ್ನಲಿಲ್ಲ.

ಮಾಟುಂಗಾ ಮಾಣಿ

ಮಿರಜ್ ಅಂದರೆ ನನಗೆ ಸಿತಾರ್ ನೆನಪಾಗೋದು. ಅಲ್ಲಿ ತಂಬೂರಿ, ಸಿತಾರ್ ಮಾಡುವ ಬೀದಿಯೇ ಇದೆ.

ಇರಲಿ. ನಮ್ಮ ಮುಂಬೈಯವರೇ ನಡೆಸುವ ಲೈಫ್‌ಲೈನ್ ಎಕ್ಸ್‌ಪ್ರೆಸ್ ಇದೆಯಲ್ಲ? 1991ರಿಂದ ರೈಲಿನಲ್ಲೇ ಆಪರೇಷನ್ ಥಿಯೇಟರ್ ಇಟ್ಟುಕೊಂಡು ಊರೂರು ಸುತ್ತುತ್ತಿದೆ. ಅದೂ ತಪ್ಪಾ? ಶರದ್‌ಕುಮಾರ್ ದೀಕ್ಷಿತ್ ಅಮೆರಿಕದಿಂದ ವರ್ಷವರ್ಷ ಬಂದು ಸಾವಿರಾರು ಮಕ್ಕಳಿಗೆ ಸೀಳುತುಟಿ ಹೊಲಿದರು. ವೀಲ್‌ಚೇರಿನಲ್ಲಿ ಕೂತೂ ಮಾಡಿದರು. ನಮ್ಮ ಹೋಟೆಲಿನಲ್ಲಿದ್ದ ಒಬ್ಬ ಹುಡುಗನ ತುಟಿ ಇಂಥ ಒಂದು ಶಿಬಿರದಲ್ಲೇ ಸರಿಯಾದದ್ದು. ಈಗ ಅವನಿಗೆ ಮದುವೆಯಾಗಿ ಇಬ್ಬರು ಮಕ್ಕಳು. ಸುಮ್ನೆ ಎಲ್ಲದಕ್ಕೂ ಕೊಂಕು ತೆಗೆಯಬೇಡಿ.

ಬಾಂಬೋಳಿ ಅಕ್ಕ

ಮಾಣಿ ಅಣ್ಣ, ಕೊಂಕಲ್ಲ. ಸೀಳುತುಟಿ ಮುಂದಿನ ತಿಂಗಳ ತನಕ ಕಾಯುತ್ತದೆ. ಮುಂದಿನ ವರ್ಷದ ತನಕವೂ ಕಾಯುತ್ತದೆ.

ಆ ಹಿರಿಯರ ತಂಗಿ ಹೋಗಿದ್ದು ಹೆರಿಗೆಯಲ್ಲಿ ಅಲ್ವಾ? ಅವರ ನೋವು ಶಿಬಿರದ ತಾರೀಖು ನೋಡಿಕೊಂಡು ಬರಬೇಕಿತ್ತಾ?

ನಾನು ಗೋವಾದಲ್ಲಿ ನರ್ಸ್. ಕಾರವಾರ, ಅಂಕೋಲಾ ಕಡೆಯವರು ಇಲ್ಲಿ ದಿನಾ ಕಾಣುತ್ತಾರೆ. ಕಾರವಾರದಿಂದ ಇಲ್ಲಿನ ದೊಡ್ಡ ಸರ್ಕಾರಿ ಆಸ್ಪತ್ರೆ ಇರುವ ಬಾಂಬೋಳಿಗೆ ಎಲ್ಲ ಸರಿ ಇದ್ದರೆ ಎರಡು ಗಂಟೆ. ಅಂಕೋಲಾ, ಕುಮಟಾ ಅಂದರೆ ಇನ್ನೂ ಜಾಸ್ತಿ. 2024ರ ಆಗಸ್ಟಿನಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿದಾಗ ನಮಗೆಲ್ಲ ಮೊದಲು ತಲೆಗೆ ಬಂದಿದ್ದೇ ಆಂಬುಲೆನ್ಸ್. ಹೊಟ್ಟೆಯೊಳಗೆ ಕರುಳು ತೂತಾದವನಿಗೆ ಗಡಿಯೂ ಇಲ್ಲ, ಶಿಬಿರವೂ ಇಲ್ಲ. ಹತ್ತಿರದಲ್ಲಿ ಹೊಟ್ಟೆ ತೆರೆಯಬಲ್ಲವರು ಇರಬೇಕು ಅಷ್ಟೇ.

ಪಿಎಚ್‌ಡಿ ಪಾಪ

ಅಕ್ಕ ಹೇಳಿದ್ದನ್ನೇ ಪ್ರಪಂಚದ ಲೆಕ್ಕವೂ ಹೇಳುತ್ತದೆ. ನಾನು ಸಾರ್ವಜನಿಕ ಆರೋಗ್ಯ ಓದುತ್ತಿದ್ದೇನೆ, ದೇವನಾರ್ ಕಡೆ ಇದ್ದೇನೆ.

2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಆಯೋಗವೊಂದು ಜಗತ್ತಿನ ಶಸ್ತ್ರಚಿಕಿತ್ಸೆಯ ಲೆಕ್ಕ ತೆಗೆಯಿತು. 500 ಕೋಟಿ ಜನರಿಗೆ ಸುರಕ್ಷಿತವಾದ, ಕೈಗೆಟುಕುವ ಆಪರೇಷನ್ ಸಿಗೋದಿಲ್ಲ. ವರ್ಷಕ್ಕೆ ಇನ್ನೂ 14.3 ಕೋಟಿ ಆಪರೇಷನ್ ಆಗಬೇಕು. ಆಪರೇಷನ್ ಮತ್ತು ಅನಸ್ತೇಶಿಯಾದ ಖರ್ಚಿನಿಂದಲೇ ವರ್ಷಕ್ಕೆ 3.3 ಕೋಟಿ ಜನರ ಮನೆ ಆರ್ಥಿಕವಾಗಿ ಮುಳುಗುತ್ತದೆ.

ಒಂದು ಆಸ್ಪತ್ರೆಯ ತಾಕತ್ತು ಅಳೆಯೋಕೆ ಅವರು ಮೂರು ಕೆಲಸ ಇಟ್ಟುಕೊಂಡರು. ಸಿಸೇರಿಯನ್, ಹೊಟ್ಟೆ ತೆರೆಯುವ ಆಪರೇಷನ್, ಮೂಳೆ ಹೊರಗೆ ಬಂದ ಮುರಿತ. ಎರಡು ಗಂಟೆಯ ದಾರಿಯೊಳಗೆ ಈ ಮೂರೂ ಸಿಗಬೇಕು. ಮೂರೂ ಅರ್ಜೆಂಟು ಕೆಲಸಗಳೇ ನೋಡಿ.

ಆದರೆ ದಾನದ ದುಡ್ಡು ಆ ಕಡೆ ಹೋಗೋದಿಲ್ಲ. ಏಡ್ಸ್, ಕ್ಷಯ, ಮಲೇರಿಯಾಗೆ 2002ರಲ್ಲೇ ದೊಡ್ಡ ಜಾಗತಿಕ ನಿಧಿ ಬಂತು. ಆಪರೇಷನ್ನಿಗೆ ಅಷ್ಟು ದೊಡ್ಡದು ಇನ್ನೂ ಬಂದಿಲ್ಲ. ಬರುವ ಅಲ್ಪಸ್ವಲ್ಪವೂ ಬಹಳ ವರ್ಷ ವಿಮಾನ, ಹಡಗು ಹತ್ತಿಕೊಂಡು ಬರುವ ಡಾಕ್ಟರ ತಂಡಗಳಿಗೇ ಹೋಯಿತು.

ಮಾಟುಂಗಾ ಮಾಣಿ

ಪಾಪ, ನಿಮ್ಮ ಕೋಟಿ ಲೆಕ್ಕ ಚೆನ್ನಾಗಿದೆ. ನಮ್ಮ ಹತ್ತಿರ ಇರೋದು 18 ಲಕ್ಷ.

ಪಿಎಚ್‌ಡಿ ಪಾಪ

ಹ್ಹಹ್ಹ, ಸರಿ ಸರ್. ಆದರೆ ಸೀಳುತುಟಿಯಲ್ಲೇ ಇನ್ನೊಂದು ದಾರಿ ಇದೆ. 1999ರಲ್ಲಿ ಶುರುವಾದ ಸ್ಮೈಲ್ ಟ್ರೇನ್ ಹೊರಗಿನಿಂದ ಸರ್ಜನ್‌ಗಳನ್ನು ಹಾರಿಸಿಕೊಂಡು ಬರೋದರ ಬದಲು ಆಯಾ ಊರಿನ ಆಸ್ಪತ್ರೆಗೇ ದುಡ್ಡು ಕೊಟ್ಟಿತು, ಅಲ್ಲಿನ ಸರ್ಜನ್‌ಗಳಿಗೇ ತರಬೇತಿ ಕೊಟ್ಟಿತು. ಹಾಗಾಗಿ ವರ್ಷದ ಯಾವ ದಿನ ಹೋದರೂ ಆಪರೇಷನ್ ಮಾಡಿಸಬಹುದು. ಹೊಲಿಗೆ ಬಿಟ್ಟರೆ ವಾಪಸ್ ಅದೇ ಡಾಕ್ಟರ ಹತ್ತಿರ.

ಆಫ್ರಿಕಾದ ಉದಾಹರಣೆಯೂ ಇದೆ. ಪೂರ್ವ, ಮಧ್ಯ, ದಕ್ಷಿಣ ಆಫ್ರಿಕಾದ ದೇಶಗಳು ಸೇರಿ 1999ರಲ್ಲಿ ತಮ್ಮದೇ ಸರ್ಜನ್‌ಗಳ ಕಾಲೇಜು ಕಟ್ಟಿದವು. ಅಲ್ಲಿ ಕಲಿತವರಲ್ಲಿ ನೂರಕ್ಕೆ 85ರಷ್ಟು ಜನ ಕಲಿತ ದೇಶದಲ್ಲೇ ಉಳಿದಿದ್ದಾರೆ.

ಸ್ಕ್ರೂಡ್ರೈವರ್

ಠಾಣೆಯಿಂದ. ಬಯೋಮೆಡಿಕಲ್ ರಿಪೇರಿ ನನ್ನ ಹೊಟ್ಟೆಪಾಡು.

ಯಾರಾದರೂ "ಮೆಷಿನ್ ಕೊಡಿಸೋಣ" ಅನ್ನೋ ಮೊದಲೇ ಹೇಳಿಬಿಡುತ್ತೇನೆ. ಬಡ ದೇಶಗಳ ಆಸ್ಪತ್ರೆಗಳಲ್ಲಿ ಸುಮಾರು 40 ಪರ್ಸೆಂಟ್ ಉಪಕರಣ ಕೆಟ್ಟು ಕೂತಿರುತ್ತೆ ಅಂತ 2011ರ ಒಂದು ಅಧ್ಯಯನ ಲೆಕ್ಕ ಹಾಕಿತ್ತು. ನನಗೆ ಆಶ್ಚರ್ಯವೇ ಆಗಲಿಲ್ಲ. ಒಂದು ಕಡೆ ದಾನಿಗಳು ಸಿ-ಆರ್ಮ್ ಕೊಟ್ಟಿದ್ದರು, ಮೂಳೆ ಆಪರೇಷನ್ನಿಗೆ ಎಕ್ಸ್‌ರೇ ತೋರಿಸುವ ಮೆಷಿನ್. ಭಾರಿ ಉದ್ಘಾಟನೆ. ಆ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರೇ ಇರಲಿಲ್ಲ. ನಾನು ಹೋದಾಗ ಅದರ ತೋಳಿಗೆ ಒದ್ದೆ ಬೆಡ್‌ಶೀಟ್ ಒಣಹಾಕಿದ್ದರು. ಅದೇ ಓಟಿಯಲ್ಲಿ (ಆಪರೇಷನ್ ಥಿಯೇಟರ್) ಉಪಕರಣಗಳನ್ನು ಹಬೆಯಲ್ಲಿ ಕ್ರಿಮಿಶುದ್ಧ ಮಾಡುವ ಆಟೋಕ್ಲೇವ್ ಮಾತ್ರ ಹಬೆ ಸೋರುತ್ತಿತ್ತು. ಬಾಗಿಲಿನ ರಬ್ಬರ್ ಹೋಗಿತ್ತು, ಅಷ್ಟೇ. ಕುಕ್ಕರಿನ ಗ್ಯಾಸ್ಕೆಟ್ ಹೋದ ಹಾಗೆ. ಅದಕ್ಕೆ ದಾನಿ ಇಲ್ಲ, ಯಾಕಂದರೆ ರಬ್ಬರಿನ ಮೇಲೆ ಹೆಸರು ಕೆತ್ತೋಕೆ ಆಗಲ್ಲ.

ಕೊಡೋದಾದರೆ ವಾರಂಟಿ ಮುಗಿದ ಮೇಲಿನ ಎಎಂಸಿ (ವರ್ಷದ ರಿಪೇರಿ ಒಪ್ಪಂದ), ಬಿಡಿಭಾಗ, ಬಳಸುವವರಿಗೆ ತರಬೇತಿ ಸೇರಿಸಿ ಕೊಡಿ. ಇಲ್ಲದಿದ್ದರೆ ಬೇಡ.

ಪುಣೆ ಮಂಪರು

ಇದಕ್ಕೆ ನನ್ನ ಎರಡು ಕೈಯೂ ಎತ್ತಿದೆ. ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ ಇಲ್ಲದೆ ಆಪರೇಷನ್ ಮಾಡುತ್ತಿದ್ದ ಥಿಯೇಟರುಗಳು ಜಗತ್ತಿನಲ್ಲಿ ಸಾವಿರಗಟ್ಟಲೆ ಇದ್ದವು. ಲೈಫ್‌ಬಾಕ್ಸ್ ಅನ್ನೋ ಸಂಸ್ಥೆ 2011ರಿಂದ ಅದನ್ನು ಹಂಚುತ್ತಿದೆ, ತರಬೇತಿಯ ಜೊತೆಗೇ. ಇನ್ನೂ ಅಗ್ಗದ್ದು ಬೇಕಾ? ಒಂದು ಹಾಳೆ. ಕೊಯ್ಯುವ ಮೊದಲು ಪೇಷಂಟ್ ಯಾರು, ಯಾವ ಕಡೆ, ರಕ್ತ ಇದೆಯಾ ಅಂತ ಗಟ್ಟಿಯಾಗಿ ಓದುವ ಪಟ್ಟಿ. ದೆಹಲಿಯೂ ಸೇರಿ ಎಂಟು ಊರುಗಳ ಆಸ್ಪತ್ರೆಗಳಲ್ಲಿ ನೋಡಿದರು. 2009ರಲ್ಲಿ ಬಂದ ಫಲಿತಾಂಶದ ಪ್ರಕಾರ ಸಾವು ನೂರಕ್ಕೆ 1.5ರಿಂದ 0.8ಕ್ಕೆ ಇಳಿದಿತ್ತು.

ಜ್ವಾಳದ ರೊಟ್ಟಿ

ಎಲ್ಲರೂ "ಅಲ್ಲಿಯವರಿಗೇ ಕೊಡಿ" ಅನ್ನುತ್ತಿದ್ದೀರಿ. ಅಲ್ಲಿಯವರು ಅಂದರೆ ಯಾರು? ಎಮ್ಮೆಲ್ಲೆ ಅಳಿಯನಾ? ಕಂಟ್ರಾಕ್ಟರನಾ? ನಮ್ಮ ತಾಲೂಕಿನಲ್ಲಿ "ಸ್ಥಳೀಯ" ಅಂದ ಕೂಡಲೇ ಮುಂದಿನ ಕುರ್ಚಿಯಲ್ಲಿ ಯಾರು ಬಂದು ಕೂರುತ್ತಾರೆ ಅಂತ ನನಗೆ ಗೊತ್ತು.

ಇನ್ನೊಂದು. 2014ರ ನವೆಂಬರಿನಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರದ ಹತ್ತಿರ ಸಂತಾನಹರಣ ಶಿಬಿರದಲ್ಲಿ ಒಬ್ಬರೇ ಸರ್ಜನ್ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದರು. 13 ಜನ ಸತ್ತರು. ಅದು ಹೊರಗಿನವರ ಶಿಬಿರವಲ್ಲ, ಅಲ್ಲಿನ ಸರ್ಕಾರದ್ದೇ. ಊರಿನವರು ಅಂದಮಾತ್ರಕ್ಕೆ ದೇವರಲ್ಲ.

ಬಾಂಬೋಳಿ ಅಕ್ಕ

ಒಪ್ಪಿದೆ. ಆದರೆ ಅಲ್ಲಿ ತಪ್ಪಿದ್ದು ಎಣಿಕೆಯ ಹುಚ್ಚಿನಿಂದ. ನಿಮ್ಮ "150 ಆಪರೇಷನ್" ಕೂಡ ಅದೇ ಹುಚ್ಚು. 2016ರಲ್ಲಿ ಸುಪ್ರೀಂ ಕೋರ್ಟ್ ಅಂಥ ಸಂತಾನಹರಣ ಶಿಬಿರಗಳನ್ನು ಮೂರು ವರ್ಷದಲ್ಲಿ ನಿಲ್ಲಿಸಿ ಅಂತ ಹೇಳಿತು.

ಪುಣೆ ಮಂಪರು

ರೊಟ್ಟಿಯವರೇ, ನಿಮ್ಮ ಪ್ರಶ್ನೆಗೆ ಉತ್ತರ: ರಾತ್ರಿ ಎರಡು ಗಂಟೆಗೆ ಯಾರ ಬಾಗಿಲು ತಟ್ಟುತ್ತಾರೋ ಅವರು.

ನಮ್ಮ ಪಕ್ಕದ್ದೇ ಉದಾಹರಣೆ ಇದೆ. ಧುಳೆ ಜಿಲ್ಲೆಯ ದೊಂಡಾಯಿಚಾದಲ್ಲಿ ತೋಂಗಾಂವ್‌ಕರ್ ಅಂತ ಸರ್ಜನ್. ಹರ್ನಿಯಾಗೆ ಹಾಕುವ ಕಂಪನಿ ಮೆಶ್ ಬಡವರಿಗೆ ದುಬಾರಿ. ಇವರು ಸೊಳ್ಳೆಪರದೆಯ ಬಟ್ಟೆ ಕತ್ತರಿಸಿ, ಕ್ರಿಮಿಶುದ್ಧ ಮಾಡಿ ಹಾಕಿದರು. ಜನ ನಕ್ಕರು. 2016ರಲ್ಲಿ ಉಗಾಂಡದ 302 ಗಂಡಸರ ಮೇಲಿನ ಪ್ರಯೋಗದ ಫಲಿತಾಂಶ ಬಂತು: ವರ್ಷದ ಮೇಲೆ ನೋಡಿದರೆ ಸೊಳ್ಳೆಪರದೆಗೂ ಕಂಪನಿ ಮೆಶ್‌ಗೂ ಅಂಥ ವ್ಯತ್ಯಾಸ ಇಲ್ಲ. ಈ ಉಪಾಯ ಮುಂಬೈಯ ಯಾವ ದಾನಿಗೂ ಹೊಳೆಯುತ್ತಿರಲಿಲ್ಲ. ಯಾಕಂದರೆ ಅವರ ಪೇಷಂಟ್ ಮೆಶ್ ಬೇಡ ಅಂತ ಎದ್ದು ಹೋಗಿರಲ್ಲ.

ಮಾಟುಂಗಾ ಮಾಣಿ

ಸೊಳ್ಳೆಪರದೆ ಕತೆ ಭಾರಿ ಉಂಟು. ಆದರೆ ನಮ್ಮ ಸಂಘದವರಿಗೆ ಹೇಳಬೇಡಿ, ನಾಳೆ ದಾದರ್ ಮಾರ್ಕೆಟಿಗೆ ಹೋಗಿ ಹೋಲ್‌ಸೇಲಿನಲ್ಲಿ ತಂದುಬಿಡುತ್ತಾರೆ.

ಇನ್ನೊಂದು ಸಂದೇಹ. ದುಡ್ಡು ಸಂಬಳಕ್ಕೆ ಕೊಡೋಕೆ ಕಾನೂನು ಬಿಡೋದಿಲ್ಲವಂತೆ? ಆಡಳಿತ ಖರ್ಚು ಐದೇ ಪರ್ಸೆಂಟ್ ಅಂತ ಯಾರೋ ಹೇಳಿದರು.

ಲೆಕ್ಕದ ಪುಸ್ತಕ

ಅಂಧೇರಿಯಲ್ಲಿ ಸಿಎ. ಇದು ಎಲ್ಲರೂ ಮಾಡುವ ಗೊಂದಲ, ಬಿಡಿಸುತ್ತೇನೆ.

ಆ 5 ಪರ್ಸೆಂಟ್ ಮಿತಿ ಕಂಪನಿಗಳು ಸಮಾಜದ ಕೆಲಸಕ್ಕೆ ಖರ್ಚು ಮಾಡುವ ಸಿಎಸ್‌ಆರ್ ಹಣಕ್ಕೆ. ನಿಮ್ಮದು ಉಯಿಲಿನ ಹಣ, ಅದಕ್ಕೆ ಅನ್ವಯಿಸಲ್ಲ. ಮೇಲಾಗಿ ಸಿಎಸ್‌ಆರ್‌ನಲ್ಲೂ ಅದು ಕಂಪನಿಯ ಸಾಮಾನ್ಯ ಆಡಳಿತ ಖರ್ಚಿಗೆ. ಯೋಜನೆಯಲ್ಲೇ ಕೆಲಸ ಮಾಡುವ ನರ್ಸಿನ ಸಂಬಳ ಯೋಜನೆಯ ಖರ್ಚು. ವಿದೇಶಿ ದೇಣಿಗೆಗೆ ಬೇರೆ ಕಾಯ್ದೆ. 2020ರ ತಿದ್ದುಪಡಿಯ ಮೇಲೆ ಆಡಳಿತ ಖರ್ಚು 50ರಿಂದ 20 ಪರ್ಸೆಂಟಿಗೆ ಇಳಿಯಿತು. ಅದರಲ್ಲೂ ಆಸ್ಪತ್ರೆಯ ಡಾಕ್ಟರ ಸಂಬಳ ಆಡಳಿತ ಖರ್ಚಲ್ಲ. ಆದರೆ ಆ ತಿದ್ದುಪಡಿಯ ನಿಜವಾದ ಪೆಟ್ಟು ಬೇರೆ: ವಿದೇಶಿ ಹಣ ಪಡೆದ ದೊಡ್ಡ ಸಂಸ್ಥೆ ಅದನ್ನು ಹಳ್ಳಿಯ ಸಣ್ಣ ಸಂಸ್ಥೆಗೆ ದಾಟಿಸೋ ಹಾಗಿಲ್ಲ. "ಊರಿನವರ ಕೈಗೆ ಕೊಡಿ" ಅನ್ನೋ ಮಾತು ಅಲ್ಲಿಗೇ ನಿಂತಿತು.

ನಿಮಗೆ ಸುಲಭದ ದಾರಿ: ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲಿ ಆರೋಗ್ಯ ರಕ್ಷಾ ಸಮಿತಿ ಇರುತ್ತದೆ. ಅದು ದೇಣಿಗೆ ತೆಗೆದುಕೊಳ್ಳಬಹುದು. ಲಿಖಿತ ಒಪ್ಪಂದ ಮಾಡಿ, ಯಾವುದಕ್ಕೆ ಅಂತ ಬರೆಸಿ, ಕಂತಿನಲ್ಲಿ ಕೊಡಿ. ಪೂರ್ತಿ 18 ಲಕ್ಷದ ಚೆಕ್ ಬರೆದರೆ ನಾನೇ ಬಂದು ಬೈತೇನೆ. ಸಂಘದ ನಿಯಮಾವಳಿಯಲ್ಲಿ ವೈದ್ಯಕೀಯ ನೆರವು ಅನ್ನೋ ಉದ್ದೇಶ ಇದೆಯಾ ಅಂತಲೂ ನೋಡಿ.

ಕುರ್ಲಾ ಕುಸುಮ

ಸ್ವಲ್ಪ ವಿಷಯಾಂತರ, ಕ್ಷಮಿಸಿ. ಊರಿನವರನ್ನು ಮುಂಬೈಗೇ ಕರೆಸಿಕೊಂಡರೆ? ಇಲ್ಲಿ ಟ್ರಸ್ಟ್ ಆಸ್ಪತ್ರೆಗಳು 10 ಪರ್ಸೆಂಟ್ ಹಾಸಿಗೆ ಕಡುಬಡವರಿಗೆ ಉಚಿತ, ಇನ್ನೊಂದು 10 ರಿಯಾಯಿತಿಯಲ್ಲಿ ಕೊಡಬೇಕು ಅಲ್ವಾ?

ಲೆಕ್ಕದ ಪುಸ್ತಕ

ಹೌದು, 2006ರ ಬಾಂಬೆ ಹೈಕೋರ್ಟ್ ಸ್ಕೀಮ್. ಬಿಲ್ಲಿನ ಮೊತ್ತದ 2 ಪರ್ಸೆಂಟನ್ನು ಬಡ ರೋಗಿಗಳ ನಿಧಿಗೆ ಇಡಬೇಕು. ಕೇಳಿ ಪಡೆಯಬೇಕು, ತಾವಾಗಿ ಯಾರೂ ಕರೆದು ಕೊಡಲ್ಲ. ಆದಾಯದ ಪ್ರಮಾಣಪತ್ರ ಇಟ್ಟುಕೊಳ್ಳಿ.

ಬಾಂಬೋಳಿ ಅಕ್ಕ

ಕ್ಯಾನ್ಸರಿಗೆ ಸರಿ ಕುಸುಮಾ. ಟಾಟಾ ಆಸ್ಪತ್ರೆಗೆ ದೇಶವೇ ಬರುತ್ತದೆ. ಹೆರಿಗೆ ನೋವು ಬಂದವಳನ್ನು ಸೊಲ್ಲಾಪುರದ ರೈಲು ಹತ್ತಿಸುತ್ತೀರಾ?

ಡೊಂಬಿವ್ಲಿ ಸ್ಲೋ ಲೋಕಲ್

ಅಪ್‌ಡೇಟ್. ನಿನ್ನೆ ರಾತ್ರಿ ಆ ತಾಲೂಕಿನ ಸರ್ಜನ್‌ಗೆ ಫೋನ್ ಮಾಡಿದೆ. ಹೆಣ್ಣುಮಗಳು. ಇನ್ನೂ ಚಿಕ್ಕ ವಯಸ್ಸು. "ಇದುವರೆಗೆ ಎಷ್ಟೋ ದಾನಿಗಳು ಬಂದರು ಸರ್, ಏನು ಬೇಕು ಅಂತ ಕೇಳಿದ್ದು ನೀವೇ ಮೊದಲು" ಅಂದರು. ನನಗೆ ನಾಚಿಕೆಯಾಯಿತು. ನಾವೂ ಶಿಬಿರದ ಬ್ಯಾನರಿನ ಡಿಸೈನ್ ನೋಡಿದ ಮೇಲೇ ಕೇಳಿದ್ದು.

ಶಿಬಿರ ಬೇಡವಂತೆ. ಆ ಮೂರು ದಿನ ತಮ್ಮ ಓಟಿ ಪೂರ್ತಿ ನಿಲ್ಲುತ್ತೆ, ಸಿಸೇರಿಯನ್ ಬಂದರೆ ಜಿಲ್ಲಾ ಆಸ್ಪತ್ರೆಗೆ ಕಳಿಸಬೇಕು ಅಂದರು. ಅನಸ್ತೇಶಿಯಾ ಡಾಕ್ಟರ ಹುದ್ದೆ ಖಾಲಿ. ವಿಜಯಪುರದಿಂದ ಒಬ್ಬರು ವಾರಕ್ಕೆ ಎರಡು ದಿನ ಬರೋಕೆ ತಯಾರಿದ್ದಾರೆ, ದಿನಕ್ಕೆ 5 ಸಾವಿರ. ವರ್ಷಕ್ಕೆ 5.2 ಲಕ್ಷ, ಮೂರು ವರ್ಷಕ್ಕೆ 15.6. ಉಳಿಯೋದು 2.4 ಲಕ್ಷ. ಅದರಲ್ಲಿ ಆಟೋಕ್ಲೇವ್ ರಿಪೇರಿ (ಸ್ಕ್ರೂಡ್ರೈವರ್ ಅವರೇ, ನಿಜವಾಗಿಯೂ ಬಾಗಿಲಿನ ರಬ್ಬರ್!), ಮತ್ತು ಆಪರೇಷನ್ ಆದವರ ಮನೆಗೆ ಹೋಗಿ ಹೊಲಿಗೆ ನೋಡಿ ಬರುವ ನರ್ಸಿಗೆ ಪೆಟ್ರೋಲು.

ಹೆಸರಿನ ಬೋರ್ಡ್ ಬೇಡವಂತೆ. ಬೋರ್ಡ್ ಕಂಡರೆ ಮೇಲಿನವರು "ಮುಂಬೈಯವರು ಕೊಡುತ್ತಿದ್ದಾರಲ್ಲ" ಅಂತ ಖಾಲಿ ಹುದ್ದೆ ಹಾಗೇ ಬಿಡುತ್ತಾರಂತೆ.

ಜ್ವಾಳದ ರೊಟ್ಟಿ

ಈಕೆಗೆ ಲೋಕಜ್ಞಾನ ಇದೆ. ನನ್ನ ಓಟು ಇವರಿಗೆ.

ಮಾಟುಂಗಾ ಮಾಣಿ

ಮೂರು ವರ್ಷ ಆದ ಮೇಲೆ? ದುಡ್ಡು ಖಾಲಿ, ಡಾಕ್ಟರು ವಾಪಸ್ ವಿಜಯಪುರಕ್ಕೆ. ಆಗ ನಿಮ್ಮದೂ ಉದ್ದದ ಶಿಬಿರವೇ ಅಲ್ವಾ?

ಪುಣೆ ಮಂಪರು

ಮಾಣಿಯವರೇ, ಇಡೀ ಚರ್ಚೆಯಲ್ಲಿ ಅತಿ ಒಳ್ಳೆಯ ಪ್ರಶ್ನೆ ಇದು. ಶಿಬಿರದ ಪರ ಇರುವವರಿಂದಲೇ ಬಂತು.

ಎರಡು ದಿನ ನಿಗದಿ ಮಾಡಿದ ಆಪರೇಷನ್‌ಗಳಿಗೆ ಆಯಿತು. ಉಳಿದ ಐದು ರಾತ್ರಿ? ಅಲ್ಲಿರುವ ಎಂಬಿಬಿಎಸ್ ಡಾಕ್ಟರೊಬ್ಬರನ್ನು ಸರ್ಕಾರದ ಜೀವರಕ್ಷಕ ಅನಸ್ತೇಶಿಯಾ ತರಬೇತಿಗೆ ಕಳಿಸಲಿ. 18 ವಾರದ ತರಬೇತಿ ಅಂತಲೇ ಅದು ಶುರುವಾದದ್ದು, ಮುಖ್ಯವಾಗಿ ಹೆರಿಗೆಯ ತುರ್ತಿಗೆ. ಪಾಠ ಸರ್ಕಾರದ್ದು. ವಾಪಸ್ ಬಂದ ಮೇಲೆ ವಿಜಯಪುರದವರು ಆ ಎರಡು ದಿನವೂ ಇವರ ಪಕ್ಕ ನಿಂತು ಕೈ ಪಳಗಿಸಲಿ. ಹಾಗಾದರೆ ಮೂರನೇ ವರ್ಷ ಮುಗಿದಾಗ ಊರಿನಲ್ಲಿ ಒಬ್ಬರು ಉಳಿಯುತ್ತಾರೆ. ವರ್ಗಾವಣೆ ಆಗದಿದ್ದರೆ. ಆ ವರ್ಗಾವಣೆಗೆ ಮಾತ್ರ ನನ್ನ ಹತ್ತಿರ ಮದ್ದಿಲ್ಲ.

ಇನ್ನೊಂದು, 5 ಸಾವಿರ ಬಹಳ ಕಮ್ಮಿ. ಒಂದು ವರ್ಷದಲ್ಲಿ ಬೇಸತ್ತು ಬಿಡುತ್ತಾರೆ. 7 ಕೊಡಿ, ಎರಡು ವರ್ಷಕ್ಕೆ ಇಳಿಸಿ.

ಲೆಕ್ಕದ ಪುಸ್ತಕ

7 ಸಾವಿರದ ಹಾಗೆ ಎರಡು ವರ್ಷಕ್ಕೆ 14.56 ಲಕ್ಷ. 3.44 ಉಳಿಯುತ್ತದೆ. ಅದನ್ನು ಎಫ್‌ಡಿಯಲ್ಲಿಡಿ.

ಮಾಟುಂಗಾ ಮಾಣಿ

ಸರಿ ಮಾರಾಯ್ರೆ, ಶಿಬಿರದ ಪಾರ್ಟಿಯಿಂದ ಒಂದು ವೋಟು ಕಮ್ಮಿ ಮಾಡಿಕೊಳ್ಳಿ. ಆದರೆ ಆ ಹುಡುಗನ ತುಟಿ ಹೊಲಿದವರ ಬಗ್ಗೆ ಯಾರೂ ಹಗುರಾಗಿ ಮಾತಾಡಬೇಡಿ. ಭಾನುವಾರದ ಮೀಟಿಂಗಿಗೆ ಗೋಳಿಬಜೆ ನಮ್ಮ ಕಡೆಯಿಂದ.

ಸ್ಕ್ರೂಡ್ರೈವರ್

ಆಟೋಕ್ಲೇವಿನ ಮಾಡೆಲ್ ಪ್ಲೇಟಿನ ಫೋಟೋ ತರಿಸಿ. ರಬ್ಬರ್ ಲೋಹಾರ್ ಚಾಳಿನಲ್ಲಿ ಹುಡುಕಿಸಿ ಕೊರಿಯರ್ ಮಾಡುತ್ತೇನೆ. ಅದಕ್ಕೆ ಮೀಟಿಂಗ್ ಯಾಕೆ?

ಡೊಂಬಿವ್ಲಿ ಸ್ಲೋ ಲೋಕಲ್

ಕೇಳಿದ್ದೇನೆ. ಡಾಕ್ಟರು ಓಟಿಯಲ್ಲಿದ್ದಾರಂತೆ. ಸಿಸೇರಿಯನ್.

ಸ್ಕ್ರೂಡ್ರೈವರ್

ಅನಸ್ತೇಶಿಯಾ ಡಾಕ್ಟರೇ ಇಲ್ಲ ಅಂದಿರಿ?

ಪುಣೆ ಮಂಪರು

ಬೆನ್ನಿಗೆ ಸೂಜಿ ಅವರೇ ಕೊಟ್ಟು, ಅವರೇ ಕೊಯ್ಯುತ್ತಿರುತ್ತಾರೆ. ಬಿಪಿ ನರ್ಸ್ ನೋಡುತ್ತಿರುತ್ತಾರೆ. ಹಳ್ಳಿ ಕಡೆ ಬಹಳ ಕಡೆ ಹೀಗೇ. ನನಗೆ ಕೂತಲ್ಲೇ ಬೆವರು ಬರುತ್ತಿದೆ.

ಡೊಂಬಿವ್ಲಿ ಸ್ಲೋ ಲೋಕಲ್

ಫೋಟೋ ಬಂತು. ರಾತ್ರಿ 11:20ಕ್ಕೆ ಕಳಿಸಿದ್ದಾರೆ. ಪ್ಲೇಟಿನ ಅರ್ಧ ಅಕ್ಷರ ಅಳಿಸಿಹೋಗಿದೆ. ಕೆಳಗೆ ಬರೆದಿದ್ದಾರೆ: "ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ರಬ್ಬರಿನ ಅಳತೆ ಬೆಳಗ್ಗೆ ಟೇಪ್ ಹಿಡಿದು ಹೇಳುತ್ತೇನೆ."